ಸಮವಸ್ತ್ರದಲ್ಲೇ ತೀರಿಕೊಂಡ ವಲಸಿಗರಿಗೆ ಅಮೆರಿಕದ ಪೌರತ್ವ: ಯಾರಿಗೆ ಸಿಗುತ್ತದೆ, ಮನೆಯವರು ಮೊದಲು ಏನು ಮಾಡಬೇಕು

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. "ನಮ್ಮ ದೊಡ್ಡಪ್ಪನ ಮಗ ಅಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದ. ಡ್ಯೂಟಿ ಮೇಲಿದ್ದಾಗಲೇ ಹೋಗಿಬಿಟ್ಟ. ಬರೀ ಗ್ರೀನ್ ಕಾರ್ಡ್ ಇತ್ತು. ಸತ್ತ ಮೇಲೂ ಸಿಟಿಜನ್‌ಶಿಪ್ ಕೊಡ್ತಾರಂತಲ್ಲ, ಅತ್ತಿಗೆಗೆ, ಮಕ್ಕಳಿಗೆ ಏನಾದ್ರೂ ಅನುಕೂಲ ಆಗುತ್ತಾ?"

ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ಕಾಯಂ ಆಗಿ ವಾಸಿಸುವ ಅನುಮತಿ, ಪೌರತ್ವ ಅಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮರಣೋತ್ತರ ಪೌರತ್ವಕ್ಕೆ ಒಂದು ಕಾನೂನು ಇದೆ. ಆದರೆ ಅದು ಸೇನೆಯಲ್ಲಿದ್ದವರಿಗೆ ಮಾತ್ರ. ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಆಂಬುಲೆನ್ಸ್‌ನವರು, ನರ್ಸುಗಳು, ಇವರಿಗೆ ಅಂಥ ದಾರಿ ಇಲ್ಲ. ಅವರಿಗೂ ಕೊಡಬೇಕು ಎಂದು 2001ರ ಸೆಪ್ಟೆಂಬರ್ 11ರ ದಾಳಿಯ (9/11) ನಂತರ ದೊಡ್ಡ ಮಾತುಗಳೇನೋ ಕೇಳಿಬಂದವು. ಕಾನೂನು ಮಾತ್ರ ಆಗಲಿಲ್ಲ.

ಇನ್ನೊಂದು ವಿಷಯ. ಮರಣೋತ್ತರ ಪೌರತ್ವ ಸಿಕ್ಕರೂ ಅದು ತೀರಿಕೊಂಡವರ ಹೆಸರಿಗೆ ಸಿಗುವುದು. ಹೆಂಡತಿ ಮಕ್ಕಳು ತಾವಾಗಿಯೇ ಪೌರರಾಗುವುದಿಲ್ಲ. ಅವರು ತಮ್ಮ ಹೆಸರಿನಲ್ಲಿ ಬೇರೆ ಅರ್ಜಿ ಹಾಕಬೇಕು, ಅದಕ್ಕೆ ಬೇರೆಯೇ ಗಡುವು. ಎಷ್ಟೋ ಮನೆಗಳವರು ಸತ್ತವರ ಪೌರತ್ವದ ಹಿಂದೆ ಓಡಾಡುತ್ತಾ ಬದುಕಿರುವವರ ಗಡುವನ್ನು ಕಳೆದುಕೊಳ್ಳುತ್ತಾರೆ. ಹಾಗಾಗದಿರಲಿ ಎಂದೇ ಈ ಲೇಖನದ ಹಂತಗಳನ್ನು ಈ ಕ್ರಮದಲ್ಲಿ ಇಟ್ಟಿದ್ದೇನೆ. ಇದು ಸಾಮಾನ್ಯ ಮಾಹಿತಿ. ಅರ್ಜಿ ಕಳಿಸುವ ಮೊದಲು ವಲಸೆ ವಕೀಲರೊಬ್ಬರಿಗೆ ತೋರಿಸಿ.

1. ತೀರಿಕೊಂಡವರು ಯಾವ ಗುಂಪಿಗೆ ಸೇರುತ್ತಾರೆ ನೋಡಿ

ಸಮವಸ್ತ್ರ ಹಾಕಿದವರೆಲ್ಲ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಭೂಸೇನೆ, ನೌಕಾಪಡೆ, ಮರೀನ್, ವಾಯುಪಡೆ, ಸ್ಪೇಸ್ ಫೋರ್ಸ್ ಮತ್ತು ಕೋಸ್ಟ್ ಗಾರ್ಡ್ ಸಶಸ್ತ್ರ ಪಡೆಗಳು. ಕೋಸ್ಟ್ ಗಾರ್ಡ್ ಎಂದರೆ ಕಡಲ ತೀರ ಕಾಯುವ ಪಡೆ. ಪ್ರವಾಹ, ಚಂಡಮಾರುತ ಬಂದಾಗ ಜನರನ್ನು ಎತ್ತಿ ತರುವವರೂ ಅವರೇ. ತುರ್ತು ಸೇವೆಯ ಕೆಲಸ ಮಾಡಿಯೂ ಸೇನೆಯ ಕಾನೂನಿನ ಲಾಭ ಪಡೆಯುವವರು ಎಂದರೆ ಮುಖ್ಯವಾಗಿ ಇವರು.

ನ್ಯಾಷನಲ್ ಗಾರ್ಡ್ ಎಂಬ ರಾಜ್ಯಗಳ ಮೀಸಲು ಪಡೆಯ ವಿಷಯದಲ್ಲಿ ಎಚ್ಚರ ಬೇಕು. ಅವರನ್ನು ಕೆಲವೊಮ್ಮೆ ರಾಜ್ಯದ ಗವರ್ನರ್ ಕರೆಯುತ್ತಾರೆ, ಕೆಲವೊಮ್ಮೆ ಕೇಂದ್ರ ಸರ್ಕಾರ. ಕಾನೂನು ಕೇಳುವುದು 'ಸಕ್ರಿಯ ಸೇನಾ ಸೇವೆ'. ಆ ದಿನ ಯಾರ ಆದೇಶದ ಮೇಲೆ ಕೆಲಸದಲ್ಲಿದ್ದರು ಎಂಬ ಕಾಗದವನ್ನು ಅವರ ಘಟಕದಿಂದ ಮೊದಲು ತೆಗೆಸಿಕೊಳ್ಳಿ.

ಉಳಿದವರೆಲ್ಲ ನಾಗರಿಕ ತುರ್ತು ಸೇವೆಯವರು. ಹಿಂದೆ ಹೆಚ್ಚಿನ ಕಡೆ ಪೊಲೀಸ್ ಆಗಲು ಪೌರತ್ವ ಇರಲೇಬೇಕಿತ್ತು. ಈಗ ಅದು ಸಡಿಲವಾಗುತ್ತಿದೆ. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಕಾನೂನಿನಿಂದ, ಕೆಲಸ ಮಾಡುವ ಅಧಿಕೃತ ಅನುಮತಿ ಇರುವ ವಲಸಿಗರೂ ಅಲ್ಲಿ ಪೊಲೀಸ್ ಆಗಬಹುದು. ಇಲಿನಾಯ್‌ನಲ್ಲಿ 2024ರಿಂದ ಇಂಥದ್ದೇ ನಿಯಮ ಜಾರಿಗೆ ಬಂದಿದೆ. ಅಂದರೆ ಪೌರತ್ವ ಇಲ್ಲದೆಯೇ ಪ್ರಾಣ ಪಣಕ್ಕಿಡುವವರ ಸಂಖ್ಯೆ ಮುಂದೆ ಜಾಸ್ತಿಯಾಗುತ್ತದೆ. ಅವರು ಸತ್ತರೆ ಏನು ಎಂಬ ಪ್ರಶ್ನೆಗೆ ಮಾತ್ರ ಕಾನೂನಿನಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸೋಣ. "ಪೌರತ್ವದ ಸಂದರ್ಶನ ಪಾಸಾಗಿತ್ತು, ಪ್ರಮಾಣ ವಚನ ಮಾತ್ರ ಬಾಕಿ ಇತ್ತು" ಎನ್ನುವವರಿದ್ದಾರೆ. ಪ್ರಮಾಣ ತೆಗೆದುಕೊಂಡ ಕ್ಷಣದಲ್ಲಿ ಪೌರತ್ವ ಬರುತ್ತದೆ, ಅದಕ್ಕೆ ಮೊದಲು ಅಲ್ಲ. ಸೇನೆಯಲ್ಲಿಲ್ಲದವರು ಅದಕ್ಕೆ ಮುಂಚೆ ತೀರಿಕೊಂಡರೆ ಅವರ ಅರ್ಜಿಯೂ ಅಲ್ಲಿಗೇ ಮುಗಿಯುತ್ತದೆ.

2. ಗಡುವುಗಳನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ

ತಿಥಿ ಮುಗಿಯುವ ತನಕ ಇದನ್ನೆಲ್ಲ ಯೋಚಿಸಲು ಆಗುವುದಿಲ್ಲ, ನಿಜ. ಮನೆಯಲ್ಲಿ ಸ್ವಲ್ಪ ಗಟ್ಟಿ ಮನಸ್ಸಿನವರು ಒಬ್ಬರು, ಭಾವನೋ ಚಿಕ್ಕಪ್ಪನೋ, ಈ ಕೆಲಸ ವಹಿಸಿಕೊಳ್ಳಲಿ.

- ಸೈನಿಕರ ಮರಣೋತ್ತರ ಪೌರತ್ವದ ಅರ್ಜಿ: ಸಾವಿನ ದಿನದಿಂದ 2 ವರ್ಷದೊಳಗೆ.
- ಅಮೆರಿಕದ ಪೌರರ ಹೆಂಡತಿ ಅಥವಾ ಗಂಡ ತಾವೇ ಹಾಕಿಕೊಳ್ಳುವ ಗ್ರೀನ್ ಕಾರ್ಡ್ ಅರ್ಜಿ: 2 ವರ್ಷ. ಸೈನಿಕರ ಕುಟುಂಬವಾದರೂ ಸಾವಿನ ದಿನದಿಂದಲೇ ಲೆಕ್ಕ ಹಿಡಿಯಿರಿ, ಆಗ ಮೋಸ ಹೋಗುವುದಿಲ್ಲ.
- ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯ ಕೇಂದ್ರ ಪರಿಹಾರ: 3 ವರ್ಷ.
- 9/11 ಸ್ಥಳದ ಧೂಳಿನಿಂದ ಬಂದ ಕಾಯಿಲೆಯಿಂದ ಸಾವಾದರೆ ಪರಿಹಾರ ನಿಧಿಯಲ್ಲಿ ಹೆಸರು ನೋಂದಣಿ: ಸಾವಿಗೂ ಆ ಕಾಯಿಲೆಗೂ ನಂಟಿದೆ ಎಂದು ತಿಳಿದ ಮೇಲೆ 2 ವರ್ಷ.
- ಎಚ್-4ನಂಥ ಅವಲಂಬಿತ ವೀಸಾದಲ್ಲಿರುವ ಸಂಗಾತಿ, ಮಕ್ಕಳು: ಇದಕ್ಕೆ ಕಾಯಲೇಬೇಡಿ, ಆ ವಾರವೇ ವಕೀಲರನ್ನು ಕಾಣಿ. ಕಾರಣ 6ನೇ ಹಂತದಲ್ಲಿದೆ.

ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 05/04 ಎಂದರೆ ಅಲ್ಲಿ ಮೇ 4, ನಮಗೆ ಏಪ್ರಿಲ್ 5. ಗಡುವು ಬರೆಯುವಾಗ ತಿಂಗಳ ಹೆಸರನ್ನೇ ಬರೆಯಿರಿ.

3. ಕಾಗದಗಳನ್ನು ಕೂಡಿಸಿ. ಹೆಚ್ಚು ಹೊತ್ತು ಹಿಡಿಯುವುದೇ ಇದು

ಅಮೆರಿಕದ ಕಡೆಯಿಂದ ಬೇಕಾದದ್ದು ಮರಣ ಪ್ರಮಾಣಪತ್ರ. ದೃಢೀಕರಿಸಿದ ಪ್ರತಿಗಳನ್ನು ಒಂದೇ ಸಲಕ್ಕೆ ಹತ್ತು ಹನ್ನೆರಡು ತೆಗೆಸಿಕೊಳ್ಳಿ. ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರೇ ತೆಗೆಸಿಕೊಡುತ್ತಾರೆ. ಅಪಘಾತ, ಗುಂಡೇಟಿನ ಸಾವುಗಳಲ್ಲಿ ಮೊದಲ ಪ್ರತಿಯಲ್ಲಿ ಸಾವಿನ ಕಾರಣದ ಜಾಗದಲ್ಲಿ 'ತನಿಖೆ ಬಾಕಿ' ಎಂದು ಇರಬಹುದು. ಅಂಥ ಪ್ರತಿ ಬ್ಯಾಂಕಿಗೆ ಸಾಕು, ಪರಿಹಾರದ ಅರ್ಜಿಗೆ ಸಾಲದು. ತನಿಖೆ ಮುಗಿದ ಮೇಲೆ ತಿದ್ದಿದ ಪ್ರತಿಯನ್ನು ಕೇಳಿ ಪಡೆಯಬೇಕು. ಯಾರೂ ತಾವಾಗಿ ಕಳಿಸುವುದಿಲ್ಲ.

ಸೈನಿಕರಾದರೆ ಇನ್ನೆರಡು ಕಾಗದ. ಡಿಡಿ-214 ಎಂದರೆ ಸೇವೆ ಮುಗಿದಾಗ ಕೊಡುವ ಪತ್ರ, ಅದರಲ್ಲಿ ಸೇವೆಯ ಅವಧಿ ಮತ್ತು ನಡತೆ ಇರುತ್ತದೆ. ಡಿಡಿ-1300 ಎಂದರೆ ಸೈನಿಕ ತೀರಿಕೊಂಡಾಗ ಸೇನೆಯೇ ಬರೆಯುವ ವರದಿ. ಸೇನೆ ನಿಮ್ಮ ಮನೆಗೆಂದು ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ಎರಡನ್ನೂ ಅವರ ಹತ್ತಿರವೇ ಕೇಳಿ.

ಈಗ ನಮ್ಮ ಕಡೆಯ ಕಾಗದ. ಇಲ್ಲಿ ಕನ್ನಡದ ಮನೆಗಳಿಗೆ ತಪ್ಪದೇ ಬರುವ ತೊಂದರೆ ಎಂದರೆ ಹೆಸರು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.ಆರ್.' ಎಂದಿದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ 'ಮಂಜುನಾಥ ಹೊಳಲ್ಕೆರೆ ರಾಮಪ್ಪ' ಎಂದಾಗಿದೆ. ಅಮೆರಿಕಕ್ಕೆ ಹೋದ ಮೇಲೆ ಊರಿನ ಹೆಸರು ನಡುವಿಗೆ ಬಂದು, ಅಪ್ಪನ ಹೆಸರು ಮನೆತನದ ಹೆಸರಾಗಿದೆ. ಅವರ ಸಂಬಳದ ಚೀಟಿಯಲ್ಲಿ ಬರೀ 'ಮಂಜು ರಾಮಪ್ಪ'. ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ಒಂದೇ ಖಾನೆಯಲ್ಲಿದ್ದರೆ ವೀಸಾದ ಮೇಲೆ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಮೊದಲಕ್ಷರಗಳವು. ಅದೇ ಮನುಷ್ಯನ ಮರಣ ಪ್ರಮಾಣಪತ್ರದಲ್ಲಿ ನಾಲ್ಕನೇ ಹೆಸರು ಬಂದರೆ ಆಶ್ಚರ್ಯ ಏನಿಲ್ಲ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅವರ ತಂದೆಯ ಹೆಸರಿದೆ, ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಸೇರಿದೆ.

ಅರ್ಜಿ ನೋಡುವ ಅಧಿಕಾರಿಗೆ ಇವರೆಲ್ಲ ಬೇರೆ ಬೇರೆ ಜನ. ಹಾಗಾಗಿ ಒಂದು ಅಫಿಡವಿಟ್ ಮಾಡಿಸಿ. ಯಾವ್ಯಾವ ಕಾಗದದಲ್ಲಿ ಯಾವ್ಯಾವ ರೀತಿ ಹೆಸರಿದೆ ಎಂದು ಒಂದೊಂದನ್ನೂ ಬರೆದು, ಇವೆಲ್ಲ ಒಬ್ಬರೇ ಎಂದು ಹೇಳುವ ಪತ್ರ ಅದು. ಹೆಸರಿನ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು ಎಂದು ಒಂದು ಸಾಲಿನಲ್ಲಿ ವಿವರಿಸಿ. ನಮಗೆ ಸಹಜವಾದದ್ದು ಅವರಿಗೆ ಗೊತ್ತಿರುವುದಿಲ್ಲ.

ಸಂಬಂಧ ತೋರಿಸಲು ಜನನ ಪ್ರಮಾಣಪತ್ರ, ಮದುವೆ ನೋಂದಣಿ ಬೇಕು. ಕರ್ನಾಟಕದಲ್ಲಿ ಇತ್ತೀಚಿನ ಜನನಗಳು ಇ-ಜನ್ಮದಲ್ಲಿ ಸಿಗುತ್ತವೆ. ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದ ಹಿರಿಯರ ದಾಖಲೆ ಸಿಗದೇ ಹೋಗಬಹುದು. ಆಗ ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ತೆಗೆಸಿ, ಅದರ ಜೊತೆ ಶಾಲೆಯ ದಾಖಲೆ ಮತ್ತು ಆ ಜನನ ಗೊತ್ತಿರುವ ಹಿರಿಯರ ಅಫಿಡವಿಟ್ ಇಡಬೇಕು. ಬರೀ ಅಫಿಡವಿಟ್ ಇಟ್ಟರೆ ವಾಪಸ್ ಪ್ರಶ್ನೆ ಬರುತ್ತದೆ. ಮದುವೆ ನೋಂದಣಿ ಆಗಿಲ್ಲದಿದ್ದರೆ ಲಗ್ನಪತ್ರಿಕೆ, ಫೋಟೋ, ಛತ್ರದ ರಸೀದಿ ಎಲ್ಲವನ್ನೂ ಜೋಪಾನ ಮಾಡಿ, ಇವುಗಳಿಂದ ಹೇಗೆ ಮುಂದುವರಿಯಬಹುದು ಎಂದು ವಕೀಲರನ್ನೇ ಕೇಳಿ.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಮತ್ತು ಜೀವಂತ ಸದಸ್ಯರ ಪ್ರಮಾಣಪತ್ರವನ್ನೂ ತೆಗೆಸಿಡಿ. ಅಮೆರಿಕದವರು ಇದನ್ನು ಹೆಸರು ಹಿಡಿದು ಕೇಳುವುದಿಲ್ಲ. ಆದರೆ ತಂದೆ, ತಾಯಿ, ಒಡಹುಟ್ಟಿದವರು ಯಾರ್ಯಾರು ಎಂದು ಒಂದೇ ಹಾಳೆಯಲ್ಲಿ ಸರ್ಕಾರಿ ಮೊಹರಿನ ಜೊತೆ ತೋರಿಸುವ ಕಾಗದ ಇನ್ನೊಂದಿಲ್ಲ. ಹೇಗೂ ಊರಿನ ಜಮೀನಿನ ಖಾತೆ ಬದಲಾವಣೆಗೂ ಇದು ಬೇಕಾಗುತ್ತದೆ.

ಕನ್ನಡದಲ್ಲಿರುವ ಯಾವ ಕಾಗದವಾದರೂ ಪೂರ್ತಿ ಇಂಗ್ಲಿಷಿಗೆ ಅನುವಾದ ಆಗಬೇಕು. ಪೂರ್ತಿ ಎಂದರೆ ಮೊಹರಿನೊಳಗಿನ ಅಕ್ಷರ, ಹಿಂಬದಿಯ ಷರಾ ಎಲ್ಲ ಸೇರಿ. ಅನುವಾದಕರು ಕೊನೆಯಲ್ಲಿ "ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿದೆ, ಸರಿಯಾಗಿದೆ" ಎಂದು ಬರೆದು ಸಹಿ ಮಾಡಬೇಕು. ನೋಟರಿ ಕಡ್ಡಾಯ ಅಲ್ಲ. ಕಡ್ಡಾಯ ಎಂದು ಹೇಳಿ ಪುಟಕ್ಕಿಷ್ಟು ಎಂದು ದುಡ್ಡು ಕೀಳುವವರಿದ್ದಾರೆ, ಹುಷಾರು.

4. ಸೈನಿಕರಾಗಿದ್ದರೆ: ಎನ್-644 ಅರ್ಜಿ

1990ರ ಮಾರ್ಚ್‌ನಲ್ಲಿ ಬಂದ ಕಾನೂನು ಇದಕ್ಕೆ ಆಧಾರ. ಅರ್ಜಿಯ ಹೆಸರು ಎನ್-644, ಹೋಗುವುದು ಯುಎಸ್‌ಸಿಐಎಸ್ ಎಂಬ ವಲಸೆ ಮತ್ತು ಪೌರತ್ವ ಸೇವಾ ಇಲಾಖೆಗೆ. ಶುಲ್ಕ ಇಲ್ಲ. ಇಲಾಖೆ ನೋಡುವುದು ಇಷ್ಟು.

ಯುದ್ಧದ ಕಾಲ ಎಂದು ಘೋಷಿಸಿದ ಅವಧಿಯಲ್ಲಿ ಅವರು ಸಕ್ರಿಯ ಸೇವೆಯಲ್ಲಿ ಗೌರವದಿಂದ ಕೆಲಸ ಮಾಡಿರಬೇಕು. ಅಧ್ಯಕ್ಷ ಜಾರ್ಜ್ ಬುಷ್ 2002ರ ಜುಲೈನಲ್ಲಿ ಹೊರಡಿಸಿದ ಆದೇಶದಂತೆ ಈ ಅವಧಿ 2001ರ ಸೆಪ್ಟೆಂಬರ್ 11ರಿಂದ ಶುರುವಾಗಿ ಇನ್ನೂ ನಡೆಯುತ್ತಿದೆ ಎಂದೇ ಲೆಕ್ಕ. ಆ ಸೇವೆಯಲ್ಲಿ ಆದ ಗಾಯ ಅಥವಾ ಕಾಯಿಲೆ ಸಾವಿಗೆ ಕಾರಣ ಆಗಿರಬೇಕು. ಇಲ್ಲವೇ ಮೊದಲೇ ಇದ್ದ ಕಾಯಿಲೆ ಸೇವೆಯಿಂದ ಉಲ್ಬಣಿಸಿರಬೇಕು. ಯುದ್ಧಭೂಮಿಯಲ್ಲೇ ಸಾಯಬೇಕೆಂದಿಲ್ಲ. ತರಬೇತಿಯ ಅಪಘಾತವೂ ಸೇರುತ್ತದೆ. ಸೇವೆ ಬಿಟ್ಟ ಮೇಲೆ ಸತ್ತಿದ್ದರೂ ಕಾರಣ ಆ ಸೇವೆಯೇ ಎಂದು ತೋರಿಸಬಹುದು. ಇನ್ನು ಸೇನೆಗೆ ಸೇರುವಾಗ ಅಮೆರಿಕದ ನೆಲದಲ್ಲಿ ಇದ್ದಿರಬೇಕು, ಇಲ್ಲವೇ ಆಮೇಲೆ ಗ್ರೀನ್ ಕಾರ್ಡ್ ಪಡೆದಿರಬೇಕು.

ಇರಾಕ್ ಯುದ್ಧದ ಮೊದಲ ದಿನಗಳಲ್ಲೇ, 2003ರ ಮಾರ್ಚ್ 21ರಂದು ತೀರಿಕೊಂಡ ಮರೀನ್ ಸೈನಿಕ ಹೊಸೆ ಆಂಟೋನಿಯೊ ಗುಟಿಯೆರೆಸ್ ಹುಟ್ಟಿದ್ದು ಗ್ವಾಟೆಮಾಲಾದಲ್ಲಿ. ಕಾಗದಪತ್ರ ಇಲ್ಲದೆ ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದು ಸೇರಿದವರು. ಅವರಿಗೆ ಸಿಕ್ಕಿದ್ದು ಇದೇ ಮರಣೋತ್ತರ ಪೌರತ್ವ. ಅಂಥ ಸಾವುಗಳ ನಂತರವೇ ಕುಟುಂಬದವರಿಗೂ ವಲಸೆಯ ಲಾಭ ಕೊಡುವ ತಿದ್ದುಪಡಿ 2003ರ ನವೆಂಬರ್‌ನಲ್ಲಿ ಬಂತು. ಅದಕ್ಕೆ ಮೊದಲು ಈ ಪೌರತ್ವ ಬರೀ ಗೌರವದ ಕಾಗದ, ಮನೆಯವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಅರ್ಜಿ ಯಾರು ಹಾಕಬೇಕು? ಮೊದಲ ಹಕ್ಕು ಹೆಂಡತಿ ಅಥವಾ ಗಂಡನದು. ಅವರಿಲ್ಲದಿದ್ದರೆ ಮಕ್ಕಳು, ಆಮೇಲೆ ತಂದೆ ತಾಯಿ, ಕೊನೆಗೆ ಅಣ್ಣ ತಮ್ಮ ಅಕ್ಕ ತಂಗಿ. ಒಬ್ಬ ಸೈನಿಕರ ಪರವಾಗಿ ಒಬ್ಬರೇ ಅರ್ಜಿ ಹಾಕಬಹುದು. ಸೊಸೆ ಇದ್ದಾಗ ಮಾವ ಹಾಕಬೇಕೆಂದರೆ ಸೊಸೆಯ ಲಿಖಿತ ಒಪ್ಪಿಗೆ ಬೇಕು. ನಮ್ಮ ಮನೆಗಳಲ್ಲಿ ಗಂಡಸರೇ ಮುಂದೆ ನಿಂತು ಅರ್ಜಿಗೆ ಸಹಿ ಹಾಕಿಬಿಡುತ್ತಾರೆ, ಅಲ್ವಾ? ಇಲ್ಲಿ ಹಾಗೆ ಮಾಡಿದರೆ ಅರ್ಜಿ ನಿಲ್ಲುತ್ತದೆ.

ಒಪ್ಪಿಗೆಯಾದರೆ ಎನ್-645 ಎಂಬ ಪ್ರಮಾಣಪತ್ರ ಬರುತ್ತದೆ. ಸತ್ತ ದಿನದಿಂದಲೇ ಅವರು ಪೌರರಾಗಿದ್ದರು ಎಂದು ಅದು ಹೇಳುತ್ತದೆ.

5. ಸೈನಿಕರ ಮನೆಯವರು ಮುಂದೆ ಮಾಡಬೇಕಾದ್ದು

ಈಗ ತೀರಿಕೊಂಡವರು ಪೌರರು. ಹಾಗಾಗಿ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿ 'ಪೌರರ ನೇರ ಸಂಬಂಧಿ' ಎಂದು ಗ್ರೀನ್ ಕಾರ್ಡಿಗೆ ತಾವೇ ಅರ್ಜಿ ಹಾಕಬಹುದು. ಅರ್ಜಿ ಐ-360. ಸಾಮಾನ್ಯವಾಗಿ ತಂದೆ ತಾಯಿಗೆ ಅರ್ಜಿ ಹಾಕಲು ಮಗನಿಗೆ 21 ತುಂಬಿರಬೇಕು. ಸೈನಿಕರ ವಿಷಯದಲ್ಲಿ ಆ ಷರತ್ತನ್ನು ಬಿಟ್ಟಿದ್ದಾರೆ. 19ನೇ ವಯಸ್ಸಿಗೆ ಮಗನನ್ನು ಕಳೆದುಕೊಂಡ ತಾಯಿಗೂ ದಾರಿ ಇದೆ.

ಗ್ರೀನ್ ಕಾರ್ಡ್ ಬಂದ ಮೇಲೆ ಇನ್ನೊಂದು ಸೌಲಭ್ಯವಿದೆ. ಪೌರತ್ವ ಕೇಳಲು ಬೇರೆಯವರು ಮೂರು ಅಥವಾ ಐದು ವರ್ಷ ಅಮೆರಿಕದಲ್ಲಿ ಇದ್ದು ಕಾಯಬೇಕು. ಸೇವೆಯಲ್ಲಿದ್ದಾಗಲೇ ತೀರಿಕೊಂಡ ಸೈನಿಕರ ಸಂಗಾತಿ, ಮಕ್ಕಳು, ತಂದೆ ತಾಯಿಗೆ ಆ ಕಾಯುವಿಕೆ ಇಲ್ಲ. ಎನ್-400 ಅರ್ಜಿ ಹಾಕಬಹುದು. ಇಂಗ್ಲಿಷ್ ಮತ್ತು ಪೌರನೀತಿಯ ಪರೀಕ್ಷೆ ಮಾತ್ರ ಎಲ್ಲರಂತೆಯೇ.

ಒಂದು ಸೂಕ್ಷ್ಮ ವಿಷಯ. ಹೆಂಡತಿಯಾಗಿ ಐ-360 ಹಾಕಿದವರು ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲು ಮರುಮದುವೆಯಾದರೆ ಆ ಅರ್ಜಿ ಬಿದ್ದುಹೋಗುತ್ತದೆ. ಮದುವೆಯ ದಿನ ಗೊತ್ತು ಮಾಡುವ ಮುಂಚೆ ಅರ್ಜಿ ಎಲ್ಲಿದೆ ಎಂದು ನೋಡಿಕೊಳ್ಳಿ. ಇದನ್ನು ಹೇಳಲು ಸಂಕೋಚಪಟ್ಟು ಸುಮ್ನೆ ಇದ್ದವರಿಂದಲೇ ಜಾಸ್ತಿ ನಷ್ಟ ಆಗಿರುವುದು.

6. ಅಗ್ನಿಶಾಮಕ, ಪೊಲೀಸ್, ಆಂಬುಲೆನ್ಸ್, ಆಸ್ಪತ್ರೆಯವರಾಗಿದ್ದರೆ

ಮರಣೋತ್ತರ ಪೌರತ್ವ ಇಲ್ಲ ಎಂದ ಮೇಲೆ ಉಳಿಯುವುದು ಎರಡು ಕೆಲಸ: ಮನೆಯವರ ವಾಸದ ಹಕ್ಕು ಉಳಿಸಿಕೊಳ್ಳುವುದು, ಪರಿಹಾರದ ಹಣ ಪಡೆಯುವುದು.

ವಾಸದ ಹಕ್ಕಿನ ವಿಷಯಕ್ಕೆ 2009ರ ಅಕ್ಟೋಬರ್‌ನಲ್ಲಿ ಸೇರಿಸಿದ ಒಂದು ಕಲಮು ಬಹಳ ಮುಖ್ಯ. ವಕೀಲರು ಇದನ್ನು '204-ಎಲ್' ಎನ್ನುತ್ತಾರೆ. ಅದು ಬರುವ ಮುಂಚೆ, ಅರ್ಜಿ ಹಾಕಿದವರು ಅಥವಾ ಮುಖ್ಯ ಅರ್ಜಿದಾರರು ಸತ್ತರೆ ಗ್ರೀನ್ ಕಾರ್ಡ್ ಅರ್ಜಿಯೂ ಸಾಯುತ್ತಿತ್ತು. ಈಗ ಹಾಗಲ್ಲ. ಸಾವಿನ ಹೊತ್ತಿಗೆ ನೀವು ಅಮೆರಿಕದಲ್ಲಿ ವಾಸವಾಗಿದ್ದು, ಈಗಲೂ ಅಲ್ಲೇ ವಾಸವಾಗಿದ್ದರೆ ಅರ್ಜಿ ಮುಂದುವರಿಸಿ ಎಂದು ಕೇಳಬಹುದು. ಕಂಪನಿ ಅಥವಾ ಆಸ್ಪತ್ರೆ ತನ್ನ ನೌಕರರ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಅರ್ಜಿಯಲ್ಲಿ ಅವಲಂಬಿತರಾಗಿ ಸೇರಿದ ಹೆಂಡತಿ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮವರು ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು.

'ವಾಸ' ಎಂದರೆ ಮನೆ ಎಲ್ಲಿದೆ ಎಂಬುದು. ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೋ ಗೋಕರ್ಣಕ್ಕೋ ಬಂದ ಮಾತ್ರಕ್ಕೆ ವಾಸ ತಪ್ಪಿತು ಎಂದಲ್ಲ. ಆದರೆ ವಾಪಸ್ ಒಳಗೆ ಹೋಗಲು ವೀಸಾ ಬೇಕಲ್ಲ. ಎಚ್-4 ನಿಂತಿರುವುದು ಸಂಗಾತಿಯ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ. ಗಂಡ ಹೋದರೆ ಹೆಂಡತಿಯ ವೀಸಾದ ಆಧಾರವೂ ಹೋಯಿತು. 2017ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ದ್ವೇಷದ ಗುಂಡೇಟಿಗೆ ಬಲಿಯಾದ ಹೈದರಾಬಾದ್ ಮೂಲದ ಎಂಜಿನಿಯರ್ ವಿಷಯ ನೆನಪಿರಬಹುದು. ಅವರ ಪತ್ನಿ ಅಂತ್ಯಕ್ರಿಯೆಗೆ ಭಾರತಕ್ಕೆ ಬಂದಾಗ, ವಾಪಸ್ ಹೋಗಿ ಅಲ್ಲಿ ಇರುವ ಹಕ್ಕೇ ಪ್ರಶ್ನೆಯಾಗಿತ್ತು. ಅಮೆರಿಕದ ಸಂಸತ್ ಸದಸ್ಯರೊಬ್ಬರು ಕೈಹಾಕಿದ ಮೇಲೆ ಅದು ಬಗೆಹರಿಯಿತು. ಹಾಗಾಗಿ ವಿಮಾನ ಹತ್ತುವ ಮೊದಲೇ ವಕೀಲರೊಂದಿಗೆ ಮಾತಾಡಿ. ಐ-539 ಅರ್ಜಿ ಹಾಕಿ ಸದ್ಯಕ್ಕೆ ಬೇರೆ ವೀಸಾಗೆ ಬದಲಾಯಿಸಿಕೊಳ್ಳುವುದು ಹಲವರು ಹಿಡಿಯುವ ದಾರಿ.

ಕುಟುಂಬದ ಅರ್ಜಿಯಾಗಿದ್ದರೆ ಸತ್ತವರ ಜಾಗಕ್ಕೆ ಬದಲಿ ಪ್ರಾಯೋಜಕರು ಬೇಕು. ಅಂದರೆ ಇವರ ಖರ್ಚಿಗೆ ನಾನು ಹೊಣೆ ಎಂದು ಬರೆದುಕೊಡುವವರು. ಅವರಿಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ಅತ್ತೆ, ಮಾವ, ಭಾವ, ಮೈದುನ, ನಾದಿನಿ, ಅಜ್ಜ, ಅಜ್ಜಿ, ಅಳಿಯ, ಸೊಸೆ ಆಗಬಹುದು. ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮನ ಮಗ ಆಗುವುದಿಲ್ಲ. ನಮ್ಮಲ್ಲಿ ಮೊದಲು ಓಡಿ ಬರುವವರೇ ಅವರು, ಏನು ಮಾಡುವುದು!

ಸಾವಿನ ಹೊತ್ತಿಗೆ ಹೆಂಡತಿ ಮಕ್ಕಳು ಊರಲ್ಲೇ ಇದ್ದರೆ 204-ಎಲ್ ಕೆಲಸಕ್ಕೆ ಬರುವುದಿಲ್ಲ. ಆಗ ಉಳಿಯುವುದು 'ಮಾನವೀಯ ನೆಲೆಯ ಮರುಸ್ಥಾಪನೆ'. ಇದು ಸಾವಿಗೆ ಮೊದಲೇ ಒಪ್ಪಿಗೆಯಾದ ಕುಟುಂಬದ ಅರ್ಜಿಗೆ ಮಾತ್ರ. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ತೀರಿಕೊಂಡವರು ವಲಸಿಗರೇ ಆಗಿದ್ದು, ಸಂಗಾತಿ ಅಮೆರಿಕದ ಪೌರರಾಗಿದ್ದರೆ ಈ ತೊಂದರೆ ಯಾವುದೂ ಇಲ್ಲ, ಹಣದ ವಿಷಯಕ್ಕೆ ಹೋಗಿ.

ಹಣದ ವಿಷಯದಲ್ಲಿ ದೊಡ್ಡದು ಪಿಎಸ್‌ಒಬಿ ಎಂಬ ಕೇಂದ್ರ ಯೋಜನೆ. 1976ರಿಂದ ಇದೆ, ನ್ಯಾಯ ಇಲಾಖೆಯ ಕೆಳಗೆ ಬರುತ್ತದೆ. ಕರ್ತವ್ಯದ ಮೇಲೆ ತೀರಿಕೊಂಡ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಯ ಮನೆಯವರಿಗೆ ಒಂದೇ ಗಂಟಿನಲ್ಲಿ 4 ಲಕ್ಷ ಡಾಲರ್‌ಗೂ ಹೆಚ್ಚು ಕೊಡುತ್ತದೆ. ಮೊತ್ತ ಪ್ರತಿ ಅಕ್ಟೋಬರ್‌ನಲ್ಲಿ ಬದಲಾಗುತ್ತದೆ. ಸಂಗಾತಿಯೂ ಮಕ್ಕಳೂ ಇದ್ದರೆ ಅರ್ಧ ಸಂಗಾತಿಗೆ, ಇನ್ನರ್ಧ ಮಕ್ಕಳಿಗೆ. ಓದಿಗೂ ನೆರವು ಇದೆ.

ಇಲ್ಲಿ ಎಡವುವುದು ಎಲ್ಲಿ ಎಂದರೆ, ಯಾರ ನೌಕರರು ಎಂಬಲ್ಲಿ. ಸರ್ಕಾರಿ ಸಂಸ್ಥೆಯ ಸಿಬ್ಬಂದಿ, ಸ್ವಯಂಸೇವಕ ಅಗ್ನಿಶಾಮಕರು ಸೇರುತ್ತಾರೆ. ಲಾಭಕ್ಕಲ್ಲದ ಆಂಬುಲೆನ್ಸ್ ಸಂಸ್ಥೆಯವರು 2013ರ ತಿದ್ದುಪಡಿಯಿಂದ ಸೇರಿದರು. ಲಾಭಕ್ಕಾಗಿ ನಡೆಸುವ ಖಾಸಗಿ ಆಂಬುಲೆನ್ಸ್ ಕಂಪನಿಯವರು ಸೇರುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಕೂಡ ಇಲ್ಲ. ಮಂಗಳೂರು, ಉಡುಪಿ ಕಡೆಯಿಂದ ಹೋದ ಎಷ್ಟೋ ನರ್ಸುಗಳ ಮನೆಯವರು ಇದನ್ನು ತಿಳಿಯದೆ ಕಾಯಬಾರದು. ಅವರಿಗೆ ರಾಜ್ಯದ ಕಾರ್ಮಿಕ ಪರಿಹಾರ ಇದೆ, ಅದನ್ನು ಕೆಲಸ ಕೊಟ್ಟವರ ವಿಮೆ ಕೊಡಬೇಕು. ಅದರ ಗಡುವು ಒಂದೊಂದು ರಾಜ್ಯಕ್ಕೆ ಒಂದೊಂದು. ಭಾರತದಲ್ಲಿರುವ ಅವಲಂಬಿತರಿಗೆ ಕೆಲವು ರಾಜ್ಯಗಳು ಕಡಿಮೆ ಕೊಡುತ್ತವೆ.

9/11 ಪರಿಹಾರ ನಿಧಿಯ ಬಗ್ಗೆ ಒಂದು ಮಾತು. ಆ ದಿನ 343 ನ್ಯೂಯಾರ್ಕ್ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆಮೇಲೆ ತಿಂಗಳುಗಟ್ಟಲೆ ಅವಶೇಷ ತೆರವು ಮಾಡಿದವರಲ್ಲಿ, ಸುತ್ತಲಿನ ಕಟ್ಟಡಗಳ ಧೂಳು ಗುಡಿಸಿದವರಲ್ಲಿ ವಲಸಿಗರು ಬಹಳ ಜನ. ನಿಧಿ ವಲಸೆಯ ಸ್ಥಿತಿ ಕೇಳುವುದಿಲ್ಲ. ಕಾಗದ ಇಲ್ಲದವರೂ ಅರ್ಜಿ ಹಾಕಬಹುದು. 2019ರ ಕಾನೂನು ಇದನ್ನು 2090ರವರೆಗೆ ವಿಸ್ತರಿಸಿದೆ.

7. ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೋಗಿ, ಆದರೆ ಏನು ಕೇಳಬೇಕೆಂದು ತಿಳಿದು ಹೋಗಿ

ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್. ಅದರ ಪ್ರತಿ ಸದಸ್ಯರ ಕಚೇರಿಯಲ್ಲೂ ಜನರ ಅರ್ಜಿ ವಿಚಾರಿಸಲೆಂದೇ ಸಿಬ್ಬಂದಿ ಇರುತ್ತಾರೆ. ಮತದಾರರೇ ಆಗಿರಬೇಕೆಂದಿಲ್ಲ, ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ನಿಮ್ಮ ಕಡತದ ಮಾಹಿತಿ ಅವರಿಗೆ ಕೊಡಬಹುದು ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ನಿಂತುಹೋದ ಅರ್ಜಿಯನ್ನು ಅಲುಗಾಡಿಸಲು ಇದು ಒಳ್ಳೆಯ ದಾರಿ, ಖರ್ಚೂ ಇಲ್ಲ.

ಒಬ್ಬರಿಗೇ ಅನ್ವಯಿಸುವ ಖಾಸಗಿ ಕಾನೂನನ್ನು ಕಾಂಗ್ರೆಸ್ ಮಾಡಬಹುದು. ತುರ್ತು ಸೇವೆಯವರಿಗೆ ಮರಣೋತ್ತರ ಪೌರತ್ವ ಬೇಕೇ ಬೇಕು ಎಂದರೆ ಇರುವ ದಾರಿ ಅದೊಂದೇ. ಅಂಥವು ಪಾಸಾಗುವುದು ತೀರಾ ಅಪರೂಪ. ಮಸೂದೆ ಮಂಡನೆಯಾದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಪೌರತ್ವ ಸಿಕ್ಕಿತು ಎಂದುಕೊಳ್ಳಬೇಡಿ. ಚರ್ಚಿಲ್, ಮದರ್ ತೆರೇಸಾ ಅವರಿಗೆ ಕೊಟ್ಟದ್ದು ಗೌರವ ಪೌರತ್ವ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ವಕೀಲರ ವಿಷಯದಲ್ಲೂ ಒಂದು ಎಚ್ಚರ. ಅಮೆರಿಕದ ನೋಟರಿ ಬರೀ ಸಹಿಗೆ ಸಾಕ್ಷಿ, ವಕೀಲ ಅಲ್ಲ. ಇಲ್ಲಿಯ ಅಭ್ಯಾಸದಿಂದ ನೋಟರಿ ಎಂದರೆ ಕಾನೂನು ತಿಳಿದವರು ಎಂದುಕೊಂಡು ಅರ್ಜಿ ಕೊಟ್ಟುಬಿಡಬೇಡಿ. ವಕೀಲರ ಶುಲ್ಕ ಭಾರ ಎನಿಸಿದರೆ ನ್ಯಾಯ ಇಲಾಖೆಯಿಂದ ಮಾನ್ಯತೆ ಪಡೆದ ಪ್ರತಿನಿಧಿಗಳು ಸೇವಾ ಸಂಸ್ಥೆಗಳಲ್ಲಿ ಇರುತ್ತಾರೆ.

ಬೇರೆ ದೇಶದಲ್ಲಿದ್ದರೆ

ಬ್ರಿಟನ್ ಸತ್ತವರಿಗೆ ಪೌರತ್ವ ಕೊಡಲಿಲ್ಲ, ಉಳಿದವರಿಗೆ ನೆಲೆ ಕೊಟ್ಟಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದ ತೀರಿಕೊಂಡ ವಿದೇಶಿ ಆರೋಗ್ಯ ಸಿಬ್ಬಂದಿಯ ಕುಟುಂಬಕ್ಕೆ ಶುಲ್ಕವಿಲ್ಲದೆ ಶಾಶ್ವತ ವಾಸದ ಅನುಮತಿ ಘೋಷಿಸಿತು. ಮೊದಲು ಆಸ್ಪತ್ರೆಯ ಕ್ಲೀನರ್, ಪೋರ್ಟರ್ ಮತ್ತು ಆರೈಕೆ ಕೇಂದ್ರದವರನ್ನು ಬಿಟ್ಟಿದ್ದರು. ಗಲಾಟೆಯಾದ ಮೇಲೆ ಮೇ ತಿಂಗಳಲ್ಲಿ ಸೇರಿಸಿದರು.

ಸ್ಪೇನ್ 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳಾದ ಒಂದೇ ವಾರದಲ್ಲಿ ಆದೇಶ ಹೊರಡಿಸಿ, ಗಾಯಗೊಂಡ ವಲಸಿಗರಿಗೂ ಸತ್ತವರ ಸಂಗಾತಿ, ಮಕ್ಕಳು, ತಂದೆ ತಾಯಿಗೂ ಪೌರತ್ವದ ಬಾಗಿಲು ತೆರೆಯಿತು. ಫ್ರಾನ್ಸ್‌ನ 1999ರ ಕಾನೂನಿನಲ್ಲಿ, ತನ್ನ ಸೇನೆಯಲ್ಲಿ ಹೋರಾಡಿ ಸತ್ತ ವಿದೇಶಿಯರ ಅಪ್ರಾಪ್ತ ಮಕ್ಕಳಿಗೆ ಪೌರತ್ವ ಕೊಡುವ ಅವಕಾಶ ಇದೆ.

ಕೆನಡಾದಲ್ಲಿ ಆಶ್ರಯ ಕೋರಿದ್ದ ಆರೋಗ್ಯ ಸಿಬ್ಬಂದಿಗೆ ಕಾಯಂ ವಾಸ ಕೊಡುವ ಯೋಜನೆ 2020ರ ಡಿಸೆಂಬರ್‌ನಿಂದ 2021ರ ಆಗಸ್ಟ್‌ವರೆಗೆ ಇತ್ತು. ಕೋವಿಡ್‌ನಿಂದ ಸತ್ತವರ ಸಂಗಾತಿಗಳೂ ಅದರಲ್ಲಿ ಸೇರಿದ್ದರು. ಇಂಥ ಯೋಜನೆಗಳು ಬಾಗಿಲು ತೆರೆದು ಬೇಗ ಮುಚ್ಚುತ್ತವೆ. ಹಳೆಯ ಸುದ್ದಿ ನೋಡಿ ಅರ್ಜಿ ಬರೆಯಲು ಕೂರುವ ಮೊದಲು ಆ ದೇಶದ ವಲಸೆ ಇಲಾಖೆಯ ಪುಟದಲ್ಲಿ ಯೋಜನೆ ಇನ್ನೂ ಇದೆಯಾ ಎಂದು ನೋಡಿ.